15 ನಿಮಿಷದಲ್ಲಿ ಒಂದು ಹನಿಗತೆ

ಕತೆ ಬರೆಯುವ ಆಸೆ ಇದೆ, ಆದರೆ ಟೈಮ್ ಇಲ್ಲ ಎನ್ನುವವರಿಗೆ ಹೇಳಿ ಮಾಡಿಸಿದ ಕಸರತ್ತು ಹನಿಗತೆ, ಅಂದರೆ ಕೆಲವೇ ಪದಗಳ ಪುಟ್ಟ ಕತೆ. ಒಂದು ಪೆನ್ನು, ಒಂದು ಹಾಳೆ, 15 ನಿಮಿಷ ಇದ್ದರೆ ಸಾಕು. ಇದರಲ್ಲಿ ಬರೆಯುವುದು 5 ನಿಮಿಷ ಮಾತ್ರ. ಉಳಿದ 10 ನಿಮಿಷ ಬರೆದದ್ದನ್ನು ಹೊಡೆದುಹಾಕುವುದಕ್ಕೆ. ನಿಜವಾದ ಕೆಲಸ ಇರುವುದೇ ಅಲ್ಲಿ.

ಅಳತೆ ಎಷ್ಟು?

ಮೊದಲೇ ಒಂದು ಸಂಖ್ಯೆ ಗೊತ್ತುಮಾಡಿಕೊಳ್ಳಿ. ಇಂಗ್ಲಿಷಿನಲ್ಲಿ ಸರಿಯಾಗಿ 100 ಪದ ಇರುವ ಕತೆಗೆ ‘ಡ್ರಾಬಲ್’ ಎನ್ನುತ್ತಾರೆ. 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈಜ್ಞಾನಿಕ ಕತೆಗಳ ಸಂಘದವರು ಶುರುಮಾಡಿದ ಆಟ ಅದು. 55 ಪದದ ಕತೆಗಳೂ ಇವೆ. ಆರೇ ಪದದ ಪ್ರಸಿದ್ಧ ಕತೆಯ ಮಾತು ಬಂದರೆ ಎಲ್ಲರೂ ಅಮೆರಿಕದ ಲೇಖಕ ಹೆಮಿಂಗ್ವೇ ಕಡೆ ಕೈ ತೋರಿಸುತ್ತಾರೆ. ಅವರೇ ಬರೆದದ್ದು ಎನ್ನುವುದಕ್ಕೆ ಪುರಾವೆ ಮಾತ್ರ ಸಿಕ್ಕಿಲ್ಲ.

ಕನ್ನಡದಲ್ಲಿ ಬರೆಯುವವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಕಿಲ್ಲ. ‘ಬದಲಾಗಿರುತ್ತೆ’ ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಮೂರು ನಾಲ್ಕು ಪದ ಬೇಕು. ಹಾಗಾಗಿ ಮೊದಲ ದಿನ 35 ಪದ ಧಾರಾಳವಾಯಿತು. ಆದರೆ ಸಂಖ್ಯೆ ಇಳಿಸಬೇಕು ಅಂತ ಸಿಕ್ಕಿದ್ದಕ್ಕೆಲ್ಲ ಸಂಧಿ ಮಾಡಿ ಅಂಟಿಸುತ್ತಾ ಹೋಗಬೇಡಿ. ಅದು ಮೋಸ. ಓದುವವರ ನಾಲಿಗೆಗೂ ಕಷ್ಟ.

ಒಂದು ವಸ್ತು, ಒಂದು ಬದಲಾವಣೆ

ಕಣ್ಣೆದುರು ಇರುವ ಯಾವುದಾದರೂ ವಸ್ತುವನ್ನು ಆರಿಸಿಕೊಳ್ಳಿ. ಅದನ್ನು ಮುಟ್ಟಿದ ಒಬ್ಬ ವ್ಯಕ್ತಿಗೆ ಏನೋ ಒಂದು ಬದಲಾಗಬೇಕು. ಅಷ್ಟೇ. ಮೂರನೇ ಪಾತ್ರಕ್ಕೆ ಇಲ್ಲಿ ಜಾಗ ಇಲ್ಲ. ಇನ್ನೊಂದು ಮಾತು: ಮೊದಲು ಹೊಳೆಯುವ ಕತೆಯಲ್ಲಿ ಯಾರಾದರೂ ಸಾಯುತ್ತಾರೆ. ನನ್ನ ಶುರುವಿನ ಹತ್ತಿಪ್ಪತ್ತು ಕತೆಗಳಲ್ಲಿ ಹೆಣ ಬೀಳದ ದಿನವೇ ಇರಲಿಲ್ಲ. ಸಾವು ಬಂದರೆ ಅದನ್ನು ಪಕ್ಕಕ್ಕಿಟ್ಟು, ಎರಡನೆಯದಾಗಿ ಹೊಳೆದದ್ದನ್ನು ಬರೆಯಿರಿ.

ಮೊಬೈಲ್‌ನಲ್ಲಿ 5 ನಿಮಿಷಕ್ಕೆ ಅಲಾರಂ ಇಟ್ಟು, ನಿಲ್ಲಿಸದೆ ಬರೆಯಿರಿ. ಚೆನ್ನಾಗಿರಬೇಕಿಲ್ಲ. ‘ಕೀ’ ಅನ್ನುವ ವಸ್ತು ಇಟ್ಟುಕೊಂಡು ನಾನು ಬರೆದದ್ದು ಹೀಗಿತ್ತು:

“ಹತ್ತು ವರ್ಷದ ನಂತರ ಅವಳು ಅವನ ಮನೆಯ ಮುಂದೆ ನಿಂತಿದ್ದಳು. ಅವಳ ಚೀಲದ ತಳದಲ್ಲಿ ಹಳೆಯ ಕೀ ಇನ್ನೂ ಇತ್ತು. ಅವಳಿಗೆ ತುಂಬಾ ದುಃಖವಾಯಿತು. ಬೀಗ ಬದಲಾಗಿರುತ್ತದೆ ಎಂದುಕೊಂಡಳು. ಆದರೂ ಕೀ ಹಾಕಿ ತಿರುಗಿಸಿದಳು. ಬೀಗ ತೆರೆಯಿತು. ಅವನು ಇಷ್ಟು ವರ್ಷವೂ ತನಗಾಗಿ ಕಾಯುತ್ತಿದ್ದ ಎಂದು ಅವಳಿಗೆ ಅರ್ಥವಾಯಿತು.”

35 ಪದ. ಓದಿದರೆ ಸೀರಿಯಲ್ಲಿನ ಕೊನೆ ಕಂತಿನ ಹಾಗಿದೆ, ಅಲ್ವಾ? ಪರವಾಗಿಲ್ಲ, ಈಗ ಕತ್ತರಿ ತೆಗೆದುಕೊಳ್ಳೋಣ.

ಹೊಡೆದುಹಾಕುವ ಕ್ರಮ

ಮೊದಲ ಎರಡು ವಾಕ್ಯ ಬರೀ ಪೀಠಿಕೆ. ಹನಿಗತೆ ಬಾಗಿಲ ಬಳಿಗೆ ನಡೆದು ಬರಬೇಕಿಲ್ಲ, ಬೀಗದಲ್ಲಿ ಕೀ ಇಟ್ಟ ಗಳಿಗೆಗೇ ಶುರುವಾಗಬಹುದು. ಆಮೇಲೆ ‘ಅವಳು’, ‘ಅವಳ’, ‘ಅವಳಿಗೆ’ ಎಲ್ಲ ಹುಡುಕಿ ತೆಗೆಯಿರಿ. ‘ತಿರುಗಿಸಿದಳು’ ಅಂದಾಗಲೇ ಹೆಂಗಸು ಅಂತ ಗೊತ್ತಾಯಿತಲ್ಲ. ನಮ್ಮ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಅದೇ ರೀತಿ ‘ಬಂದಳು’ ಎನ್ನುವ ಕಡೆ ‘ಬಂದಳಂತೆ’ ಅಂದು ನೋಡಿ: ಎಲ್ಲೋ ಕೇಳಿಸಿಕೊಂಡು ಬಂದು ಹೇಳುತ್ತಿರುವ ಇನ್ನೊಬ್ಬರು ಕತೆಯೊಳಗೆ ಬಂದು ಕೂತುಬಿಡುತ್ತಾರೆ, ಒಂದು ಪದವೂ ಜಾಸ್ತಿಯಾಗದೆ.

ಮುಂದೆ, ‘ದುಃಖವಾಯಿತು’, ‘ಅರ್ಥವಾಯಿತು’ ಥರದ ಮಾತುಗಳು. ಇವನ್ನು ಹೊಡೆದರೆ ಕತೆ ಬಡವಾಯಿತೇನೋ ಅನ್ನಿಸುತ್ತದೆ. ನಾನೂ ಪ್ರತಿ ಸಲ ಇಲ್ಲಿ ಹಿಂದೆ ಮುಂದೆ ನೋಡುತ್ತೇನೆ. ಸುಮ್ನೆ ಹೊಡೆದು ಬಿಟ್ಟರೆ ಅಲ್ಲಿ ಖಾಲಿ ಕಾಣುತ್ತದೆ, ನಿಜ. ಆ ಜಾಗದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ಗುರುತು ಇಡಬೇಕು. ಯಾರೋ ಕಾಯುತ್ತಿದ್ದರು ಅಂತ ಹೇಳದೆ ಬೀಗ ಹೇಗೆ ಹೇಳೀತು? ಹತ್ತು ವರ್ಷದ ಬೀಗ ತುಕ್ಕು ಹಿಡಿಯಬೇಕು. ಹಿಡಿದಿಲ್ಲ ಅಂದರೆ? ಇಷ್ಟು ಯೋಚಿಸುವುದಕ್ಕೇ ನನಗೆ 4 ನಿಮಿಷ ಹೋಯಿತು. ಕೊನೆಗೆ ಉಳಿದದ್ದು 12 ಪದ:

“ಹತ್ತು ವರ್ಷವಾಗಿತ್ತು. ಬೀಗ ಬದಲಾಗಿರುತ್ತೆ ಅಂದುಕೊಂಡೇ ಕೀ ತೂರಿಸಿದಳು. ಸಲೀಸಾಗಿ ತಿರುಗಿತು. ಬೆರಳಿಗೆ ಎಣ್ಣೆ ಅಂಟಿತು.”

ಹೆಸರು ಕೊನೆಗೆ

ಶೀರ್ಷಿಕೆ ಪದಗಳ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕತೆಯಲ್ಲಿ ಹೇಳಲಾಗದ ಒಂದು ವಿಷಯವನ್ನು ಅದರ ತಲೆಗೆ ಕಟ್ಟಬಹುದು. ‘ನಿರೀಕ್ಷೆ’ ಅಂತ ಇಟ್ಟರೆ ಎಣ್ಣೆಯ ಗುಟ್ಟೆಲ್ಲ ಮೊದಲೇ ಬಯಲು. ‘ಬಿಟ್ಟುಹೋದ ಮನೆ’ ಅಂದರೆ, ಹೋದವಳು ಇವಳೇ ಅಂತ ತಿಳಿಯುತ್ತದೆ, ಉಳಿದದ್ದು ಗುಟ್ಟಾಗಿಯೇ ಇರುತ್ತದೆ.

ಈಗ ಜೋರಾಗಿ ಒಂದು ಸಲ ಓದಿ. ಎಡವಿದ ಪದ ಬದಲಿಸಿ. ಹಾಳೆ ಮಡಚಿಡಿ.

ಮರುದಿನ ಏನೂ ಹೊಳೆಯದಿದ್ದರೆ ಅದೇ ಕತೆಯನ್ನು ಇನ್ನೊಬ್ಬರ ಕಡೆಯಿಂದ ಬರೆಯಿರಿ. ನಾನು ಎಣ್ಣೆ ಹಾಕಿದವನ ಕಡೆಯಿಂದ ಬರೆದು ನೋಡಿದೆ. ಅವನು ಮನೆ ಮಾರಾಟಕ್ಕಿಟ್ಟಿದ್ದ.