ಜೇಕು ಇರೋ ಹೊಲಕ್ಕೆ ಮಲ್ಚಿಂಗ್ ಶೀಟ್ ಹಾಕೋ ಮುಂಚೆ

ಟೊಮ್ಯಾಟೊ, ಮೆಣಸಿನಕಾಯಿಗೆ ಮಲ್ಚಿಂಗ್ (ಕಳೆ ಬರದ ಹಾಗೆ ನೆಲಕ್ಕೆ ಹೊದಿಸೋ ಪ್ಲಾಸ್ಟಿಕ್ ಶೀಟ್) ಹಾಕೋರು ಒಂದ್ಸಲ ನೋಡ್ಕೊಳ್ಳಿ, ಹೊಲದಲ್ಲಿ ಜೇಕು ಕಳೆ (ಕೆಲವು ಕಡೆ ತುಂಗೆ ಅಂತಾರಲ್ಲ ಅದೇ) ಇದ್ರೆ 25 ಮೈಕ್ರಾನ್ ಕಪ್ಪು ಶೀಟನ್ನೂ ಸೂಜಿ ತರ ಚುಚ್ಕೊಂಡು ಮೇಲೆ ಬಂದ್ಬಿಡುತ್ತೆ. ಅದಕ್ಕೆ ಏಪ್ರಿಲ್-ಮೇ ಬಿಸಿಲಲ್ಲಿ ಹೊಲ ಖಾಲಿ ಇರುವಾಗ್ಲೇ ಉತ್ತು, ಹೆಂಟೆ ಒಡೆದು, ಚೆನ್ನಾಗಿ ನೀರು ಬಿಟ್ಟು, ಒಳಗಡೆ ಕಾಣೋ ಅಂಥ ಪಾರದರ್ಶಕ ಶೀಟ್ ನೆಲಕ್ಕೆ ಅಂಟೋ ಹಾಗೆ ಎಳೆದು ನಾಲ್ಕೂ ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಬೆಳಕು ಸಿಗೋದ್ರಿಂದ ಮೊಳಕೆ ಚುಚ್ಚೋ ಬದ್ಲು ಶೀಟ್ ಕೆಳಗೇ ಎಲೆ ಬಿಚ್ಕೊಂಡು ಬೆಂದೋಗುತ್ತೆ. ಆಳದಲ್ಲಿರೋ ಗಡ್ಡೆ ಒಂದಷ್ಟು ಉಳಿದೇ ಉಳಿಯುತ್ತೆ, ಅದನ್ನ ಚಿಗುರಿದ ಹಾಗೇ ಗಡ್ಡೆ ಸಮೇತ ಅಗೆದು ತೆಗೀರಿ, ದಯವಿಟ್ಟು ಆಮೇಲೆ ರೋಟವೇಟರ್ ಹೊಡೀಬೇಡಿ, ಸರದ ತರ ಇರೋ ಗಡ್ಡೆಗಳು ತುಂಡಾಗಿ ಹೊಲ ತುಂಬ ಹರಡುತ್ತೆ.