ಕಲ್ಲಂಗಡಿ ಬೀಜ ಬೆರಕೆಯಾಗದಿರಲು ಕಾಗದದ ಟೋಪಿ

ಸ್ವಂತಕ್ಕೆ ಕಲ್ಲಂಗಡಿ ಬೀಜ ಮಾಡಿಕೊಳ್ಳುವವರು ಹೆಣ್ಣು ಮೊಗ್ಗನ್ನು ಅರಳುವ ಹಿಂದಿನ ಸಂಜೆಯೇ ಮುಚ್ಚಿಬಿಡಿ. ಬುಡದಲ್ಲಿ ಪುಟಾಣಿ ಕಾಯಿ ಇದ್ದು, ತುದಿ ಹಳದಿಗೆ ತಿರುಗಿದ ಮೊಗ್ಗು ಅದು. ಅದಕ್ಕೂ ಅದೇ ಬಳ್ಳಿಯ ಒಂದೆರಡು ಗಂಡು ಮೊಗ್ಗಿಗೂ ಕಾಗದದ ಟೋಪಿ ಹಾಕಿ ಕ್ಲಿಪ್ ಮಾಡಿ. ಮಾರನೇ ದಿನ ಬೆಳಿಗ್ಗೆ 9ರೊಳಗೆ ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಪರಾಗವನ್ನು ಹೆಣ್ಣು ಹೂವಿನ ನಡುವಿನ ಮೂರೂ ಹಾಲೆಗೆ ಸವರಿ (ಒಂದಕ್ಕೇ ತಾಗಿದರೆ ಕಾಯಿ ಸೊಟ್ಟಗಾಗುವುದುಂಟು), ಮತ್ತೆ ಮುಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಜೇನುನೊಣ ಪಕ್ಕದ ಹೊಲದ ಪರಾಗ ತಂದರೂ ಈ ಸಲದ ಹಣ್ಣು ನೋಡಿದರೆ ಗೊತ್ತಾಗುವುದಿಲ್ಲ, ಬೆರಕೆ ಬಯಲಾಗುವುದು ಆ ಬೀಜ ಬಿತ್ತಿದ ಮೇಲೆಯೇ. ಹತ್ತಾರು ಬಳ್ಳಿಗಳಲ್ಲಿ ಹೀಗೆ ಮಾಡಿ, ಕೊನೆಗೆ ಬೂದಿ ರೋಗದ (ಎಲೆ ಮೇಲೆ ಬಿಳಿ ಪುಡಿಯಂತೆ ಹರಡುವ ರೋಗ) ನಡುವೆಯೂ ಎಲೆ ಹಸಿರಾಗಿ ಉಳಿಸಿಕೊಂಡ, ಹಣ್ಣೂ ಸಿಹಿಯಾದ ಬಳ್ಳಿಗಳ ಬೀಜ ಮಾತ್ರ ಇಡಿ. ಬರೀ ರುಚಿ ನೋಡಿ ಇಡುವುದು ಅರ್ಧ ಕೆಲಸ. ಹೈಬ್ರಿಡ್ ಬೆಳೆಯಲ್ಲಿ ಇದು ನಡೆಯುವುದಿಲ್ಲ, ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಶುಗರ್ ಬೇಬಿ ಅಥವಾ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ಮಾಣಿಕ್‌ನಂಥ ಹೈಬ್ರಿಡ್ ಅಲ್ಲದ ತಳಿಗೆ ಸರಿ. ಮಳೆಗೆ ಪರಾಗ ಒದ್ದೆಯಾದ ದಿನ, ಇಲ್ಲವೇ ಬಿಸಿಲೇರಿದ ಮೇಲೆ ಸವರಿದರೆ ಕಾಯಿ ಕಟ್ಟುವುದು ಅನುಮಾನ. ಈಗಾಗಲೇ ಎರಡು ಮೂರು ಕಾಯಿ ಹೊತ್ತ ಬಳ್ಳಿಯೂ ಹೊಸದನ್ನು ಉದುರಿಸಿಬಿಡುತ್ತದೆ, ಹಾಗಾಗಿ ಮೊದಲ ಹೂಗಳಲ್ಲೇ ಮಾಡಿ.