ಹಬ್ಬದ ಕಾರ್ಡಿಗೆ ಒಂದೇ ಸಾಲು: ನನ್ನ ಅನುಭವ

ನಾನು ಮಾಡಿಸಿ ಮಾರುವ ಹಬ್ಬದ ಕಾರ್ಡಿನಲ್ಲಿ ನಾಲ್ಕು ಸಾಲಿನ ಪ್ರಾಸ ತೆಗೆದುಹಾಕಿ ಒಂದೇ ಸಾಲು ಹಾಕಿ, ಕೆಳಗಿನ ಅರ್ಧ ಖಾಲಿ ಬಿಟ್ಟರೆ ಯಾರೂ ಕೊಳ್ಳೋಲ್ಲ ಅಂತ ಪ್ರೆಸ್ಸಿನವರೂ ಅಂಗಡಿಯವರೂ ಹೇಳಿದ್ದರು. ಈಗ ಸ್ಟಾಂಡಿನಲ್ಲಿ ಮೊದಲು ಖರ್ಚಾಗುವುದೇ ಅದು.

ಕವನದ ಕಾರ್ಡು ಸಾವಿರ ಹಾಕಿದರೆ ಹತ್ತಿರಹತ್ತಿರ ಮುನ್ನೂರು ವಾಪಸ್ ಬರುತ್ತಿತ್ತು. ಕವರು ಸೇರಿ ಒಂದಕ್ಕೆ ಹನ್ನೊಂದು, ಹನ್ನೆರಡು ರೂಪಾಯಿ ಬಿದ್ದಿರುತ್ತೆ. ಹಬ್ಬ ಕಳೆದರೆ ಅದು ರದ್ದಿ. ಈಗ ಬಣ್ಣದ ಹಾಳೆ ಮಾತ್ರ ಆಫ್‌ಸೆಟ್‌ನಲ್ಲಿ ಒಟ್ಟಿಗೆ ಹೊಡೆಸಿಟ್ಟು, ಹಬ್ಬದ ಸಾಲನ್ನು ಆರ್ಡರ್ ಬಂದಷ್ಟಕ್ಕೇ ಒಂದೇ ಬಣ್ಣದಲ್ಲಿ ಮೇಲೆ ಹಾಕುತ್ತೇನೆ. ಐವತ್ತು, ನೂರರ ಆರ್ಡರಾದರೆ ಪೂರ್ತಿ ಡಿಜಿಟಲ್: 13×19 ಇಂಚಿನ ಹಾಳೆಯಲ್ಲಿ ಮಡಿಕೆಯಿಲ್ಲದ 4×6 ಅಳತೆಯದ್ದು, ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಟ್ಟು, ಎಂಟು ಕೂರುತ್ತೆ. ಅಡ್ಡ ಕೂರಿಸಿದರೆ ಮಾತ್ರ.

ಅತಿ ಹೆಚ್ಚು ದುಡ್ಡು ಕೈಬಿಟ್ಟದ್ದು ಯುಗಾದಿಯಲ್ಲಿ. ಸಂವತ್ಸರದ ಹೆಸರು ಮುಖಪುಟದಲ್ಲಿ ದಪ್ಪಗೆ ಹಾಕುವುದು ರೂಢಿ. 2024ರದ್ದು ಕ್ರೋಧಿ, 2026ರದ್ದು ಪರಾಭವ. ವ್ಯಾಪಾರಿಗಳು ತಮ್ಮ ಗಿರಾಕಿಗೆ ‘ಪರಾಭವ’ ಅಂತ ಕಳಿಸಲು ಒಪ್ಪೋದೇ ಇಲ್ಲ. ಉಳಿದದ್ದು ಮುಂದಿನ ವರ್ಷಕ್ಕೂ ಆಗಲ್ಲ, ಆ ಹೆಸರು ತಿರುಗಿ ಬರುವುದು ಅರವತ್ತು ವರ್ಷಕ್ಕೆ. ಮುಖಪುಟಕ್ಕೆ ‘ಬೇವು ಬೆಲ್ಲದ ಜೊತೆ ನಮ್ಮ ಹಾರೈಕೆ’ ಅಂತಷ್ಟೇ ಹಾಕಿ, ಸಂವತ್ಸರ ಬೇಕೆಂದವರಿಗೆ ಒಳಗಡೆ ಸಣ್ಣಕ್ಷರದಲ್ಲಿ, ಒಂಬತ್ತು ಪಾಯಿಂಟಿನಲ್ಲಿ ಕೊಡಿ.

ಊರು ನೋಡಿ ಸಾಲು ಬದಲಾಯಿಸಬೇಕು. ಮೈಸೂರು ಕಡೆ ಸಂಕ್ರಾಂತಿಗೆ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಸಾಕು. ಹುಬ್ಬಳ್ಳಿ, ಧಾರವಾಡದ ಆರ್ಡರಿಗೆ ದಸರಾದಲ್ಲಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಹಾಕಿದರೆ ಬೇರೇನೂ ಬೇಡ. ಅದನ್ನು ಗ್ರಾಂಥಿಕಕ್ಕೆ ತಿದ್ದಬೇಡಿ, ಸತ್ತುಹೋಗುತ್ತೆ. ‘ಶುಭ ಕೋರುವವರು’ ಅಂತೂ ಬೇಡವೇ ಬೇಡ, ಕಾರ್ಡು ಸರ್ಕಲ್‌ನ ಫ್ಲೆಕ್ಸ್ ಆಗುತ್ತೆ. ಹೆಸರು, ಊರು ಇದ್ದರೆ ಸಾಲದೇ?

ಇಪ್ಪತ್ನಾಲ್ಕು ಪಾಯಿಂಟಿನಲ್ಲಿ ನಾಲ್ಕು ಇಂಚಿಗೆ ಹದಿನಾಲ್ಕು, ಹದಿನೈದು ಅಕ್ಷರ ಹಿಡಿದರೆ ಹೆಚ್ಚು. ಅದಕ್ಕೇ ‘ಹಾರ್ದಿಕ’ ಬಿಟ್ಟೆ: ಜಾಗ ತಿನ್ನುತ್ತೆ, ಡಿಸೈನ್ ಮಾಡುವ ಹಳೆಯ ಕೋರೆಲ್ ಸಾಫ್ಟ್‌ವೇರಿಗೆ ಯೂನಿಕೋಡ್ ಅಕ್ಷರ ತಂದಾಗ ಅರ್ಕಾವತ್ತು ಬೇರೆಲ್ಲೋ ಹೋಗಿ ಕೂರುತ್ತೆ, ಅರ್ಧ ಜನ ‘ಹಾರ್ಧಿಕ’ ಅಂತ ಬರೆದುಕೊಡುತ್ತಾರೆ. ಪ್ರೂಫಿನಲ್ಲಿ ‘ಶುಭಾಷಯ’ ಇದೆಯೇ ಅಂತಲೂ ನೋಡಿ. ಅಕ್ಷರ ಸರಿಯಾದ ಮೇಲೆ ಕರ್ವ್ ಮಾಡಿಯೇ (ಅಕ್ಷರವನ್ನು ಬರೀ ರೇಖೆಗಳ ಚಿತ್ರವಾಗಿಸಿ) ಪ್ರೆಸ್ಸಿಗೆ ಕಳಿಸಿ.

ಕೈಕಾಗದದ ಮೇಲೆ ಬಂಗಾರಬಣ್ಣದ ಫಾಯಿಲ್ (ಒತ್ತಿ ಅಂಟಿಸುವ ತೆಳು ಹೊಳಪುಹಾಳೆ) ಕೂಡ ಪ್ರಯತ್ನಿಸಿದೆ. ಮೈ ಒರಟಾದ್ದರಿಂದ ತಲೆಕಟ್ಟು ಅಲ್ಲಲ್ಲಿ ಹಿಡಿಯಲಿಲ್ಲ, ಒತ್ತಡ ಜಾಸ್ತಿ ಮಾಡಿದರೆ ‘ಳ್ಳು’ ಮುಚ್ಚಿಹೋಯಿತು. ಈಗ ಫಾಯಿಲಿನ ಹೊಳಪು ಬಿಟ್ಟು, ಅದಕ್ಕೆ ಹತ್ತಿರದ ಬಣ್ಣವನ್ನು ಸಾದಾ ಇಂಕಿನಲ್ಲೇ ಹಾಕಿಸುತ್ತೇನೆ.

ಆ ವರ್ಷ ಸಾವಾಗಿ ಹಬ್ಬ ಮಾಡದ ಮನೆಗಳಿಗೆಂದು ಪ್ರತಿ ಆರ್ಡರಿನಲ್ಲೂ ನೂರಕ್ಕೆ ಐದಾರು ಕಾರ್ಡು ಹಬ್ಬದ ಹೆಸರಿಲ್ಲದೆ ಇಡಿ. ‘ನಿಮ್ಮ ನೆನಪಾಯಿತು, ಕ್ಷೇಮವಾಗಿರಿ’ ಅಂತಷ್ಟೇ ಇರಲಿ, ಬಣ್ಣದಲ್ಲಿ ಕುಂಕುಮಕೆಂಪು ಬೇಡ. ಗಿರಾಕಿ ಕೇಳಲ್ಲ, ನಾವೇ ಕಟ್ಟಿನಲ್ಲಿ ಸೇರಿಸಿ ಹೇಳಬೇಕು.